ಕೋಡಿಯ ಸದ್ದು ನಿಂತರೆ

*ಲಿಂಗನಮಕ್ಕಿಯ ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ. ತೋಟದ ತಲೆಯ ಮೇಲಿರುವ ಮನೆ ಕೆರೆಯ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಕೋಣಂದೂರಿನ ಕಡೆಯ ಒಂದು ಮಣ್ಣಿನ ಏರಿಯ ಮೇಲೆ ನಿಂತು, ಅಪಾಯವನ್ನು ಅಳೆಯುವುದು ಹೇಗೆಂದು ಯೋಚಿಸಿದ ಬರಹ.*

ಪುನರ್ವಸು ಮಳೆ ಹಿಡಿದ ರಾತ್ರಿ ನಮ್ಮ ಕಡೆಯ ಮನೆಯಲ್ಲಿ ಮಲಗಿದವರಿಗೆ ಮೂರು ಸದ್ದು ಕೇಳುತ್ತವೆ. ಹಂಚಿನ ಮೇಲೆ ಬೀಳುವ ಮಳೆಯದು ಒಂದು. ಸೂರಿನ ದಂಬೆಯಿಂದ ಅಂಗಳಕ್ಕೆ ಸುರಿಯುವ ನೀರಿನದು ಇನ್ನೊಂದು. ಮೂರನೆಯದು ತೋಟದಾಚೆಯಿಂದ ಒಂದೇ ಸಮನೆ ಬರುವ ಕೆರೆ ಕೋಡಿಯ ಮೊರೆತ. ಮೊದಲಿನ ಎರಡು ಏರುತ್ತವೆ, ಇಳಿಯುತ್ತವೆ. ಮೂರನೆಯದು ರಾತ್ರಿಯಿಡೀ ಹಾಗೇ ಇರುತ್ತದೆ, ಇರಬೇಕು.

ನಮ್ಮ ಅಜ್ಜಿಗೆ ಆ ಸದ್ದು ಜೋಗುಳವಿದ್ದ ಹಾಗೆ. ಸಿಡಿಲಿಗೆ ಏಳದವಳು, ಮಳೆ ಜೋರಿದ್ದಾಗಲೇ ಕೋಡಿಯ ಸದ್ದು ತಗ್ಗಿತೆಂದರೆ ಎದ್ದು ಕೂರುತ್ತಿದ್ದಳು. "ಕೋಡಿ ಕೇಳ್ತಾ ಇಲ್ಲ, ಯಾರಾದ್ರೂ ಹೋಗಿ ನೋಡ್ಕಂಡು ಬನ್ನಿ" ಎಂದು ಗಂಡಸರನ್ನು ಎಬ್ಬಿಸುವಳು. ಕಂಬಳಿಕೊಪ್ಪೆ, ಬ್ಯಾಟರಿ, ಗುದ್ದಲಿ ಹಿಡಿದು ಹೋದವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕೋಡಿಗೆ ಅಡ್ಡ ಬಿದ್ದ ಒಂದು ಟೊಂಗೆ, ಅದಕ್ಕೆ ಸಿಕ್ಕಿಕೊಂಡ ದರಗು. ಎಳೆದು ಹಾಕಿದರೆ ಸದ್ದು ಮತ್ತೆ ಶುರು. ಅಜ್ಜಿ ಮತ್ತೆ ನಿದ್ದೆ.

ಮೊನ್ನೆ ಬೇಸಿಗೆಯಲ್ಲಿ ಊರಿಗೆ ಹೋದಾಗ ಕೋಡಿಯೇ ಕಾಣಲಿಲ್ಲ. ಚಿಕ್ಕಪ್ಪಯ್ಯ ಹಿಟಾಚಿ ತರಿಸಿ ಏರಿಯನ್ನು ಎರಡು ಅಡಿ ಎತ್ತರಿಸಿದ್ದರು. ಕೋಡಿ ಇದ್ದ ಜಾಗಕ್ಕೆ ಮಣ್ಣು ತುಂಬಿ, ಒಂದು ಅಡಿ ಅಗಲದ ಸಿಮೆಂಟ್ ಪೈಪ್ ಕೂರಿಸಿದ್ದರು.

"ಎಂತಕ್ಕೆ ಚಿಕ್ಕಪ್ಪಯ್ಯ, ಕೋಡಿ ಮುಚ್ಚಿದ್ದು?"

"ಪಿಕಪ್ ಆಚೆ ತೋಟಕ್ಕೆ ಹೋಗ್ಬೇಕಲ್ಲ ಮಾರಾಯ. ಗೊಬ್ಬರ ಹೊರೋಕೆ ಈಗ ಜನ ಎಲ್ಲಿದಾರೆ?"

ಉತ್ತರದಲ್ಲಿ ಸುಳ್ಳಿರಲಿಲ್ಲ. ಆದರೆ ಏರಿಯ ಮೇಲೆ ನಿಂತು ಕೆಳಗೆ ನೋಡಿದಾಗ ಹೊಟ್ಟೆಯೊಳಗೆ ಏನೋ ಕಲಕಿತು. ಅಜ್ಜಿಯ ಕಾಲದಲ್ಲಿ ಆ ಬೈಲಿನಲ್ಲಿ ಬರೀ ಗದ್ದೆಯಿತ್ತು. ಈಗ ಮೂರು ಮನೆ, ಒಂದು ಅಡಿಕೆ ಸುಲಿಯುವ ಶೆಡ್ಡು, ಅದರಾಚೆ ಡಾಂಬರು ರಸ್ತೆ, ರಸ್ತೆಯ ಬದಿಯಲ್ಲಿ ಮಕ್ಕಳು ಬಸ್ಸು ಕಾಯುವ ತಂಗುದಾಣ.

ಮೂರು ದಿಕ್ಕಿನ ನೀರು

ಕೋಣಂದೂರು ಸೀಮೆ ನೀರು ದಾರಿ ಬದಲಿಸುವ ಜಾಗ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಪಡುವಣಕ್ಕೆ ತಿರುಗಿ ಅರಬ್ಬಿ ಸಮುದ್ರ ಸೇರುತ್ತದೆ. ಹುಂಚದ ಹತ್ತಿರ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿ ಮೂಡಣಕ್ಕೆ ಹೊರಟು, ಶಿಕಾರಿಪುರದ ಅಂಜನಾಪುರ ಜಲಾಶಯವನ್ನೂ ಮಾಸೂರಿನ ಮದಗದ ಕೆರೆಯನ್ನೂ ತುಂಬಿಸಿ ತುಂಗಭದ್ರೆಗೆ ಸೇರುತ್ತದೆ. ಕುಶಾವತಿ ತೀರ್ಥಹಳ್ಳಿಯಲ್ಲೇ ತುಂಗೆಗೆ ಇಳಿಯುತ್ತದೆ. ಈ ಮೂರು ಹೊಳೆಗಳ ಬುಡದಲ್ಲಿ, ಗುಡ್ಡ ಗುಡ್ಡದ ಸಂದಿಯಲ್ಲಿ, ಹಳ್ಳಕ್ಕೆ ಅಡ್ಡ ಮಣ್ಣು ಹಾಕಿ ನೀರು ನಿಲ್ಲಿಸಿದ ಕೆರೆಗಳಿವೆ. ಮೇಲೆ ಸೊಪ್ಪಿನ ಬೆಟ್ಟ, ನಡುವೆ ಕೆರೆ, ಕೆಳಗೆ ಅಡಿಕೆ ತೋಟ, ಅದರ ಕೆಳಗೆ ಗದ್ದೆ. ಬೇಸಿಗೆಯಲ್ಲಿ ತೂಬು ಎತ್ತಿದರೆ ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. ಕರೆಂಟು ಬೇಡ, ಪಂಪು ಬೇಡ.

ಈಚೆಗೆ ಅಡಿಕೆಗೆ ಬೆಲೆ ಬಂತು. ಮಕ್ಕಿಗದ್ದೆಯೂ ತೋಟವಾಯಿತು. ಬೇಸಿಗೆಯ ನೀರು ಸಾಲದೆ ಕೆಲವರು ಹಳೆಯ ಕೆರೆ ಎತ್ತರಿಸಿದರು, ಕೆಲವರು ಹೊಸದು ಮಾಡಿಸಿದರು. ಹಿಂದೆ ಮೂರು ಬೇಸಿಗೆ ಹಿಡಿಯುತ್ತಿದ್ದ ಕೆಲಸವನ್ನು ಹಿಟಾಚಿ ಮೂರು ದಿನದಲ್ಲಿ ಮುಗಿಸುತ್ತದೆ.

ಎಡವಟ್ಟಾಗುವುದು ಆ ಅವಸರದಲ್ಲೇ. ಹಳಬರು ಬುಟ್ಟಿಯಲ್ಲಿ ಮಣ್ಣು ಹೊತ್ತು, ಗೇಣಿನಷ್ಟು ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ, ಎತ್ತು ಕೋಣಗಳಿಂದ ತುಳಿಸಿ, ದಮ್ಮಸು ಹೊಡೆದು ಏರಿ ಎಬ್ಬಿಸುತ್ತಿದ್ದರು. ನೀರಿನ ಕಡೆ ಇಳಿಜಾರು, ಹೊರಗಡೆಯೂ ಇಳಿಜಾರು. ಹದಿನೈದು ಅಡಿ ಎತ್ತರದ ಏರಿ ಗಟ್ಟಿಯಾಗಿ ನಿಲ್ಲಬೇಕಾದರೆ ಬುಡದಲ್ಲಿ ಎಪ್ಪತ್ತು ಅಡಿಯಾದರೂ ಅಗಲ ಬೇಕು. ಹಿಟಾಚಿಯ ಏರಿಗೆ ಅಷ್ಟು ಜಾಗ ಬಿಡುವವರು ಕಡಿಮೆ, ಬಿಟ್ಟರೆ ಎರಡು ಸಾಲು ಅಡಿಕೆ ಹೋಗುತ್ತದಲ್ಲ! ಕೆರೆಯ ಹೊಂಡದಿಂದಲೇ ಮಣ್ಣು ಎತ್ತಿ ಸುರಿಯುತ್ತಾರೆ. ನಮ್ಮ ನೆಲದಲ್ಲಿ ಮೇಲಿನ ಜಂಬಿಟ್ಟಿಗೆ ಮಣ್ಣು ದಾಟಿದರೆ ಸಿಗುವುದು ಶೇಡಿ. ಒಣಗಿದಾಗ ಕಲ್ಲಿನಂತೆ ಕಾಣುವ ಈ ಮಣ್ಣು ನೀರು ಹರಿದರೆ ಹಿಟ್ಟಿನಂತೆ ಕರಗಿ ಹೋಗುತ್ತದೆ. ಧರೆ ಕುಸಿಯುವಾಗ ಜಾರುವುದು ಹೆಚ್ಚಾಗಿ ಇದೇ ಪದರ. ಅದನ್ನೇ ನಾವು ಏರಿಗೆ ಹಾಕುತ್ತಿದ್ದೇವೆ.

ಸಾವಿರ ಟ್ಯಾಂಕರ್ ನೀರು

ನಮ್ಮದು ಒಂದು ಎಕರೆಯ ಕೆರೆ. ಸರಾಸರಿ ಹತ್ತು ಅಡಿ ನೀರು ಎಂದು ಹಿಡಿದರೆ ಸುಮಾರು 12,000 ಘನ ಮೀಟರ್, ಅಂದರೆ 1.2 ಕೋಟಿ ಲೀಟರ್. ಬೇಸಿಗೆಯಲ್ಲಿ ಪೇಟೆಗೆ ನೀರು ತರುವ 12,000 ಲೀಟರಿನ ಟ್ಯಾಂಕರಿನಲ್ಲಿ ಅಳೆದರೆ ಸಾವಿರ ಟ್ಯಾಂಕರ್. ಅದೆಲ್ಲ ಮೂರು ಮನೆಗಳ ತಲೆಯ ಮೇಲೆ, ಮಣ್ಣಿನ ಒಂದು ಗೋಡೆಯ ಹಿಂದೆ ನಿಂತಿದೆ.

ಇದನ್ನು ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ? 2021ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ತಿಂಗಳ ಕೊನೆಯಲ್ಲೇ ಜಾರಿಗೆ ಬಂತು. ಅದು ಖಾಸಗಿ ಒಡೆಯರನ್ನೂ ಬಿಡುವುದಿಲ್ಲ. ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ತಪಾಸಣೆ ಮಾಡಿಸಬೇಕು, ತುರ್ತು ಸಂದರ್ಭಕ್ಕೆ ಯೋಜನೆ ಇಟ್ಟುಕೊಳ್ಳಬೇಕು. ಆದರೆ ಇದೆಲ್ಲ 'ನಿರ್ದಿಷ್ಟ ಅಣೆಕಟ್ಟು'ಗಳಿಗೆ ಮಾತ್ರ. ಎತ್ತರ 15 ಮೀಟರ್ ದಾಟಿರಬೇಕು. 10ರಿಂದ 15 ಮೀಟರ್ ಇದ್ದರೆ ಏರಿ 500 ಮೀಟರಿಗೆ ಕಡಿಮೆಯಿಲ್ಲದಷ್ಟು ಉದ್ದವಿರಬೇಕು, ಇಲ್ಲವೇ ಹತ್ತು ಲಕ್ಷ ಘನ ಮೀಟರಿಗೆ ಕಡಿಮೆಯಿಲ್ಲದಷ್ಟು ನೀರು ಹಿಡಿಯಬೇಕು, ಅಥವಾ ಅಂಥದೇ ಬೇರೆ ಕಾರಣವಿರಬೇಕು. 10 ಮೀಟರಿಗಿಂತ ತಗ್ಗಿನದು ಕಾಯ್ದೆಯ ಕಣ್ಣಿಗೆ 'ನಿರ್ದಿಷ್ಟ ಅಣೆಕಟ್ಟೇ' ಅಲ್ಲ. ದೇಶದಲ್ಲಿ ಹೀಗೆ ಪಟ್ಟಿಗೆ ಬಿದ್ದವು ಆರು ಸಾವಿರ ದಾಟುತ್ತವೆ. ಹದಿನೈದು ಅಡಿಯ ನಮ್ಮ ಏರಿ ಆ ಬಾಗಿಲವರೆಗೂ ಹೋಗುವುದಿಲ್ಲ.

ಕೋಡಿಯ ಅಳತೆ ಹೇಳುವ ಭಾರತೀಯ ಮಾನಕವೊಂದಿದೆ, 1985ರ ಐಎಸ್ 11223. ಅದರಲ್ಲಿ 'ಸಣ್ಣ' ಅಣೆಕಟ್ಟು ಎಂದರೆ 5 ಲಕ್ಷ ಘನ ಮೀಟರಿನಿಂದ ಶುರು. ಅದಕ್ಕೂ ನೂರು ವರ್ಷಕ್ಕೊಮ್ಮೆ ಬರುವಂಥ ನೆರೆಯನ್ನು ತಾಳುವ ಕೋಡಿ ಬೇಕು. ನಮ್ಮ ಕೆರೆಯಂಥ ನಲವತ್ತಕ್ಕೂ ಹೆಚ್ಚು ಸೇರಿದರೆ ಈ 'ಸಣ್ಣ' ಆಗುತ್ತದೆ. ಸಣ್ಣ ನೀರಾವರಿ ಇಲಾಖೆ ನೋಡುವುದು 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳನ್ನು. ಅದಕ್ಕಿಂತ ಚಿಕ್ಕವು ಪಂಚಾಯಿತಿ ವ್ಯವಸ್ಥೆಗೆ ಸೇರಿದವು. ಸ್ವಂತ ಜಮೀನಿನಲ್ಲಿ ಸ್ವಂತ ದುಡ್ಡಿನಲ್ಲಿ ಮಾಡಿಸಿಕೊಂಡ ಕೆರೆ ಯಾರ ಮೇಜಿಗೂ ಬರುವುದಿಲ್ಲ.

ವೇಲ್ಸ್‌ನಲ್ಲಿ ಹೀಗಿಲ್ಲ. ನೆಲದ ಮಟ್ಟಕ್ಕಿಂತ ಮೇಲೆ 10,000 ಘನ ಮೀಟರ್ ನೀರು ನಿಲ್ಲಿಸುವ ಯಾವುದೇ ಜಲಾಶಯ 2016ರಿಂದ ಅಲ್ಲಿ ಕಾನೂನಿನ ಕೆಳಗೆ ಬರುತ್ತದೆ. ಚಿಕ್ಕಪ್ಪಯ್ಯನ ಕೆರೆ ಅಲ್ಲಿದ್ದಿದ್ದರೆ ನೋಂದಣಿ ಮಾಡಿಸಬೇಕಿತ್ತು. ವೇಲ್ಸ್ ಈ ಬುದ್ಧಿ ಕಲಿತದ್ದು ಪೆಟ್ಟು ತಿಂದು. 1925ರ ನವೆಂಬರ್ 2ರ ರಾತ್ರಿ ಡಾಲ್‌ಗರಾಗ್ ಎಂಬ ಹಳ್ಳಿಯ ಮೇಲೆ, ಅಲ್ಯೂಮಿನಿಯಂ ಕಂಪನಿಯೊಂದು ಕಟ್ಟಿಸಿದ್ದ ಎರಡು ಕಟ್ಟೆಗಳು ಒಂದರ ಹಿಂದೆ ಒಂದು ಹೋದವು. ಮೇಲಿನ ಎಯ್‌ಗಿಯಾ ಕಾಂಕ್ರೀಟ್ ಗೋಡೆಯ ಅಡಿಪಾಯ ಕೊರೆದು ನುಗ್ಗಿದ ನೀರು ಕೆಳಗಿನ ಕೋಯ್ಟಿ ಮಣ್ಣಿನ ಏರಿಯ ಮೇಲೆ ಹತ್ತಿ ಹರಿಯಿತು, ಅದೂ ಕಿತ್ತುಹೋಯಿತು. ಹದಿನಾರು ಜನ ಸತ್ತರು. ಬ್ರಿಟನ್ನಿನ ಮೊದಲ ಜಲಾಶಯ ಸುರಕ್ಷತಾ ಕಾಯ್ದೆ 1930ರಲ್ಲಿ ಬಂದದ್ದು ಇದರ ಹಿಂದೆಯೇ. ನಮ್ಮ ಹಳ್ಳಗಳಲ್ಲೂ ಒಂದರ ಕೆಳಗೊಂದು ಕೆರೆಗಳಿವೆ. ಮೇಲಿನ ಮನೆಯವರ ಏರಿ ಹೋದರೆ ಕೆಳಗಿನವರದು ಎಷ್ಟೇ ಗಟ್ಟಿಯಿದ್ದರೂ ಉಳಿಯುವುದಿಲ್ಲ.

ವರ್ಗ ಏರಿಗಲ್ಲ, ಬೈಲಿಗೆ

ಅಣೆಕಟ್ಟಿಗೆ 'ಅಪಾಯದ ವರ್ಗ' ಕೊಡುತ್ತಾರೆ ಎಂದು ಕೇಳಿದಾಗ ನಾನು ತಿಳಿದುಕೊಂಡದ್ದು ಅದು ಕಟ್ಟೆಯ ಆರೋಗ್ಯದ ಅಂಕಪಟ್ಟಿ ಎಂದು. ಬಿರುಕು ಬಿಟ್ಟದ್ದಕ್ಕೆ ಕೆಟ್ಟ ವರ್ಗ, ಗಟ್ಟಿಯಿದ್ದದ್ದಕ್ಕೆ ಒಳ್ಳೆಯ ವರ್ಗ. ಹಾಗಲ್ಲ. ಅಮೆರಿಕದ ಕಡಿಮೆ, ಗಣನೀಯ, ಹೆಚ್ಚು ಎಂಬ ಮೂರು ವರ್ಗಗಳಾಗಲಿ, ನಮ್ಮ ಕೇಂದ್ರ ಜಲ ಆಯೋಗ 2020ರಲ್ಲಿ ಹೇಳಿದ ನಾಲ್ಕು ವರ್ಗಗಳಾಗಲಿ ಕೇಳುವ ಪ್ರಶ್ನೆ ಒಂದೇ: ಇದು ಒಡೆದರೆ ಕೆಳಗೆ ಯಾರಿದ್ದಾರೆ? ನಿನ್ನೆ ಕಟ್ಟಿದ ಉಕ್ಕಿನಂಥ ಕಟ್ಟೆಯ ಕೆಳಗೆ ಊರಿದ್ದರೆ ಅದು ಹೆಚ್ಚಿನ ಅಪಾಯದ್ದು. ಕಾಡಿನೊಳಗೆ ಸೋರುತ್ತ ಬಿದ್ದ ಕಟ್ಟೆಯ ಕೆಳಗೆ ಯಾರೂ ಇಲ್ಲದಿದ್ದರೆ ಕಡಿಮೆಯದು.

ಅಂದರೆ ಏರಿಯಿಂದ ಒಂದು ಬುಟ್ಟಿ ಮಣ್ಣು ಅಲುಗದೆ ಕೆರೆಯ ವರ್ಗ ಬದಲಾಗಬಹುದು. ಕೆಳಗಿನ ಬೈಲಿನಲ್ಲಿ ಯಾರೋ ಮನೆಗೆ ಪಾಯ ತೆಗೆದ ದಿನವೇ ಬದಲಾಗುತ್ತದೆ. ಅಜ್ಜಿಯ ಕಾಲಕ್ಕೆ ನಮ್ಮ ಕೆರೆ ಒಡೆದಿದ್ದರೆ ಒಂದು ಬೆಳೆ ಭತ್ತ ಹೋಗುತ್ತಿತ್ತು. ಆ ಮೂರು ಮನೆಗಳಲ್ಲಿ ಒಂದರ ಜಾಗವನ್ನು ಕೊಟ್ಟವರು ನಾವೇ.

1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಎಂಬ ಮಣ್ಣಿನ ಕಟ್ಟೆ ಒಡೆಯಿತು. ಅದು ಟೊಕೊವಾ ಫಾಲ್ಸ್ ಎಂಬ ಕ್ರೈಸ್ತ ಕಾಲೇಜಿನ ಸ್ವಂತ ಕಟ್ಟೆ. ಕೆಳಗೆ ಅದೇ ಕಾಲೇಜಿನ ವಿದ್ಯಾರ್ಥಿಗಳೂ ಸಿಬ್ಬಂದಿಯ ಸಂಸಾರಗಳೂ ಮಲಗಿದ್ದರು. 39 ಜನ ಸತ್ತರು. ಕೇಂದ್ರ ಸರ್ಕಾರದ್ದಲ್ಲದ, ಹೆಚ್ಚು ಅಪಾಯದ ಕಟ್ಟೆಗಳನ್ನೆಲ್ಲ ತಪಾಸಣೆ ಮಾಡಿ ಎಂದು ಅಧ್ಯಕ್ಷ ಕಾರ್ಟರ್ ಆಜ್ಞೆ ಮಾಡಿದ್ದು ಆಮೇಲೆ.

ತಪಾಸಣೆಯ ವ್ಯವಸ್ಥೆ ಇದ್ದೂ ತಪ್ಪಿದ ಉದಾಹರಣೆ ಹವಾಯಿಯದು. ಕಬ್ಬಿನ ತೋಟಗಳ ಕಾಲದಲ್ಲಿ, 1890ರಲ್ಲಿ ಕಟ್ಟಿದ ಕಾ ಲೋಕೊ ಎಂಬ ಖಾಸಗಿ ಕೆರೆ 2006ರ ಮಾರ್ಚ್ 14ರ ನಸುಕಿನಲ್ಲಿ, ವಾರಗಟ್ಟಲೆ ಸುರಿದ ಮಳೆಗೆ ಒಡೆದು ಏಳು ಜನರನ್ನು ಕೊಂದಿತು. ಕಾಗದದಲ್ಲಿ ಅದು 'ಕಡಿಮೆ ಅಪಾಯ'ದ ವರ್ಗದಲ್ಲಿತ್ತು. ಕೆಳಗೆ ಮನೆಗಳಾದದ್ದು ಕಾಗದಕ್ಕೆ ತಿಳಿದಿರಲಿಲ್ಲ. ಕೋಡಿ ಮಣ್ಣಿನಲ್ಲಿ ಮುಚ್ಚಿಹೋಗಿತ್ತೇ ಎಂಬುದು ತನಿಖೆಯ ನಡುವಿನ ಪ್ರಶ್ನೆಯಾಯಿತು. ಕೀನ್ಯಾದ ಸೊಲಾಯ್‌ನಲ್ಲಿ 2018ರ ಮೇ 9ರ ರಾತ್ರಿ ಖಾಸಗಿ ಎಸ್ಟೇಟೊಂದರ ಮಣ್ಣಿನ ಕಟ್ಟೆ ಹೋದಾಗ ಕನಿಷ್ಠ 47 ಜನ ಸತ್ತರು. ಎರಡು ದೇಶಗಳ ಈ ಮೂರೂ ಕಟ್ಟೆಗಳು ಹೋದದ್ದು ಮಳೆಯಲ್ಲಿ, ಕತ್ತಲಲ್ಲಿ.

ಮಣ್ಣು ಹೋಗುವ ದಾರಿ

ಮಣ್ಣಿನ ಏರಿ ನೀರಿನ ಭಾರಕ್ಕೆ ಸುಮ್ಮನೆ ಬೀಳುವುದು ಅಪರೂಪ. ಒಂದೋ ನೀರು ಅದರ ತಲೆಯ ಮೇಲೆ ಹತ್ತಿ ಹರಿಯುತ್ತದೆ, ಇಲ್ಲವೇ ಹೊಟ್ಟೆಯೊಳಗೆ ಕೊರೆಯುತ್ತದೆ.

ಮೊದಲನೆಯದಕ್ಕೆ ಕೋಡಿಯೇ ಮದ್ದು. ನಮ್ಮ ಕೆರೆಗೆ ನೀರಿಳಿಸುವ ಗುಡ್ಡ ಐವತ್ತು ಎಕರೆ ಎನ್ನೋಣ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಹೊಡೆದು, ಅರ್ಧ ನೆಲಕ್ಕೆ ಇಂಗಿ ಅರ್ಧ ಹರಿದು ಬಂದರೆ, ಕೆರೆಗೆ ಸೆಕೆಂಡಿಗೆ ಸುಮಾರು 1,400 ಲೀಟರ್ ನುಗ್ಗುತ್ತದೆ. ಆಷಾಢದಲ್ಲಿ ನೆಲ ನೀರುಂಡು ಜಲ ಎದ್ದ ಮೇಲೆ ಅರ್ಧವೂ ಇಂಗುವುದಿಲ್ಲ. ಹತ್ತು ಅಡಿ ಅಗಲದ ಬಯಲು ಕೋಡಿಯಲ್ಲಿ ಒಂದೂವರೆ ಅಡಿ ನೀರು ಹರಿದರೆ ಅಷ್ಟೂ ದಾಟಿಹೋಗುತ್ತದೆ. ಒಂದು ಅಡಿಯ ಪೈಪು ಉಸಿರು ಕಟ್ಟಿ ಹರಿದರೂ ದಾಟಿಸುವುದು ಸೆಕೆಂಡಿಗೆ 150 ಲೀಟರಿನ ಆಸುಪಾಸು. ಉಳಿದ ಒಂಬತ್ತು ಪಾಲು ಏರಿಯ ಮೇಲೆಯೇ ದಾರಿ ಹುಡುಕಬೇಕು. ಅದೂ ಪೈಪಿನ ಬಾಯಿಗೆ ಒಂದು ಅಡಿಕೆ ಹಾಳೆ ಬಂದು ಕೂರದಿದ್ದರೆ.

ಎರಡನೆಯದು ಒಸರು. ಮಣ್ಣಿನ ಏರಿ ಸ್ವಲ್ಪ ಒಸರಿಯೇ ಒಸರುತ್ತದೆ. ತಿಳಿ ನೀರಾದರೆ ಅವಸರವಿಲ್ಲ. ನೀರು ಕೆಂಪಗೆ ಬಂತೆಂದರೆ ಏರಿ ತನ್ನ ಮಣ್ಣನ್ನೇ ಹೊರಗೆ ಕಳಿಸುತ್ತಿದೆ ಎಂದರ್ಥ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಪೋರುಮಾಮಿಳ್ಳದ ಕೆರೆ ಕಟ್ಟಿಸಿ ಬರೆಸಿದ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಆರರಲ್ಲಿ ಒಂದು, ಕಟ್ಟೆಯಿಂದ ನೀರು ಒಸರುವುದು. ಆರೂವರೆ ಶತಮಾನದ ಹಿಂದೆ ಕಲ್ಲಿನ ಮೇಲೆ ಬರೆದದ್ದನ್ನು ನಾವು ಮೊಬೈಲಿನಲ್ಲಿ ಫೋಟೊ ತೆಗೆದೂ ಗಮನಿಸುವುದಿಲ್ಲ.

ಒಸರಿಗೆ ದಾರಿ ಮಾಡುವವರು ಹಲವರು. ಏರಿಯ ಮೇಲೆ ಬೆಳೆದ ಅಕೇಶಿಯಾ ಸತ್ತು ಬೇರು ಕೊಳೆತರೆ ಒಂದು ಕೊಳವೆ ಸಿದ್ಧ. ಹೆಗ್ಗಣ, ಮುಳ್ಳುಹಂದಿ, ಏಡಿ ತೋಡಿದ ಬಿಲಗಳು ಬೇರೆ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರ ಆಸುಪಾಸು ಜನ ಹೋದಾಗ ಮಹಾರಾಷ್ಟ್ರದ ಸಚಿವರೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದರು. ಜನ ಸಿಟ್ಟಿಗೆದ್ದು ಏಡಿಗಳನ್ನೇ ಹಿಡಿದು ತಂದು ಪ್ರತಿಭಟಿಸಿದರು. ಸಿಟ್ಟು ಸರಿಯೇ. ಏಡಿ ತೋಡುವುದು ಹುಟ್ಟುಗುಣ, ಬಿಲ ಮುಚ್ಚುವುದು ಏರಿಯ ಒಡೆಯನ ಕೆಲಸ.

ಹಳೆ ಕೆರೆ, ಹೊಸ ಕೆರೆ, ನ್ಯಾಯಾಲಯ

ಕಾಯ್ದೆಯ ಪಟ್ಟಿಯಲ್ಲಿಲ್ಲ ಎಂದರೆ ಹೊಣೆಯೂ ಇಲ್ಲವೇ? ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕನೊಬ್ಬ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲ ಗಣಿಗೆ ನುಗ್ಗಿದ ರೈಲಂಡ್ಸ್–ಫ್ಲೆಚರ್ ಪ್ರಕರಣದಲ್ಲಿ 1868ರಲ್ಲಿ ಕೊನೆಯ ತೀರ್ಪು ಬಂತು. ಕಟ್ಟಿಸಿದವನ ತಪ್ಪಿರಲಿ ಇಲ್ಲದಿರಲಿ, ಹಾನಿಗೆ ಅವನೇ ಹೊಣೆ ಎಂದಾಯಿತು. ಆರು ವರ್ಷದ ಮೇಲೆ, 1874ರಲ್ಲಿ, ಅಂಥದೇ ಪ್ರಶ್ನೆ ನಮ್ಮ ಪಕ್ಕದ ಸೀಮೆಯಿಂದ ಪ್ರಿವಿ ಕೌನ್ಸಿಲ್‌ಗೆ ಹೋಯಿತು. ಈಗಿನ ಆಂಧ್ರದ ಕಾರ್ವೇಟಿನಗರದ ಜಮೀನ್ದಾರನ ಕೆರೆಗಳು ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಹಳಿ, ಸೇತುವೆಗಳನ್ನು ಹಾಳು ಮಾಡಿದ್ದವು. ಇಲ್ಲಿ ಜಮೀನ್ದಾರ ಗೆದ್ದ. ಕೆರೆಗಳನ್ನು ಉಳಿಸಿಕೊಂಡು ಬರುವುದು ಈ ದೇಶದಲ್ಲಿ ಹಿಂದಿನಿಂದ ಬಂದ ಕರ್ತವ್ಯ, ಅವನು ಅದರಲ್ಲಿ ಅಲಕ್ಷ್ಯ ತೋರಿಲ್ಲ ಎಂಬುದು ತೀರ್ಪಿನ ಸಾರ.

ನನಗೆ ಆ ತೀರ್ಪಿನಲ್ಲಿ ಕಾಣುವುದು ಎರಡು ಮಾತು. ಕೆರೆ ಕಟ್ಟಿದವನನ್ನು ನಮ್ಮ ನೆಲ ಅಪರಾಧಿಯಂತೆ ನೋಡುವುದಿಲ್ಲ. ಆದರೆ ಅವನನ್ನು ಉಳಿಸಿದ್ದು ಅವನು ಮಾಡಿಕೊಂಡು ಬಂದ ನಿಗಾ. ಹೋದ ಬೇಸಿಗೆಯಲ್ಲಿ ಪಿಕಪ್‌ಗಾಗಿ ಕೋಡಿ ಮುಚ್ಚಿದವನ ಬಾಯಲ್ಲಿ ಆ ವಾದ ನಿಲ್ಲುವುದಿಲ್ಲ.

ನಿಮ್ಮ ಕೆರೆ ಯಾವ ವರ್ಗ?

ಸರ್ಕಾರ ಎಣಿಸುವವರೆಗೆ ಕಾಯಬೇಕಿಲ್ಲ. ರೋಹಿಣಿ ಮಳೆಗೆ ಮೊದಲು ಒಂದು ಬೆಳಿಗ್ಗೆ ಸಾಕು.

● ಹಳ್ಳದ ಜಾಡು ಹಿಡಿದು ಏರಿಯ ಬುಡದಿಂದ ಒಂದೆರಡು ಕಿಲೋಮೀಟರ್ ಕೆಳಗೆ ನಡೆಯಿರಿ. ಜನ ರಾತ್ರಿ ಮಲಗುವ ಮನೆ ಒಂದೇ ಒಂದು ಸಿಕ್ಕರೂ ನಿಮ್ಮದು ಮೇಲಿನ ವರ್ಗ. ರಸ್ತೆ, ಮೋರಿ, ಶೆಡ್ಡು ಸಿಕ್ಕರೆ ನಡುವಿನದು. ಬರೀ ಗದ್ದೆ ತೋಟವಾದರೆ ಕೆಳಗಿನದು. ಕೆಳಗೆ ಇನ್ನೊಂದು ಕೆರೆ ಸಿಕ್ಕರೆ ಅದರ ಕೆಳಗಿನವರನ್ನೂ ಎಣಿಸಿ.

● ಕೋಡಿ ಬಯಲಾಗಿರಲಿ. ಪೈಪು ಕೋಡಿಯಲ್ಲ. ಕೋಡಿಯ ತಳ ಏರಿಯ ತಲೆಗಿಂತ ಮೂರು ಅಡಿಯಾದರೂ ತಗ್ಗಿರಲಿ, ಅದನ್ನು ತೋಡುವುದು ಸುರಿದ ಮಣ್ಣಿನಲ್ಲಲ್ಲ, ಪಕ್ಕದ ಗಟ್ಟಿ ನೆಲದಲ್ಲಿ.

● ಏರಿಯ ಹೊರಮೈ ಸವರಿಸಿ. ಪೊದೆಯಿದ್ದರೆ ಒಸರು ಕಾಣುವುದಿಲ್ಲ. ಹುಲ್ಲು ಇರಲಿ, ಮರ ಬೇಡ.

● ತೂಬು ಕೆಲಸ ಮಾಡುತ್ತದೆಯೇ ಎತ್ತಿ ನೋಡಿ. ಒಸರು ಕೆಂಪಾದ ದಿನ ನೀರು ಇಳಿಸಲು ಇರುವ ದಾರಿ ಅದೊಂದೇ.

● ಹೊಸ ಕೆರೆಯನ್ನು ಮೊದಲ ಮಳೆಗಾಲದಲ್ಲೇ ಪೂರ್ತಿ ತುಂಬಿಸಬೇಡಿ. ಮಣ್ಣು ಕೂರಲು ಒಂದು ವರ್ಷ ಕೊಡಿ.

● ಮೇಲಿನ ವರ್ಗದ್ದಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಹಿಟಾಚಿಯ ಒಂದು ದಿನದ ಬಾಡಿಗೆಯನ್ನು ಅದಕ್ಕೆ ಎತ್ತಿಡಿ.

ಚಿಕ್ಕಪ್ಪಯ್ಯನಿಗೆ ಕಾಯ್ದೆಯ ಮಾತು ನಾಟಲಿಲ್ಲ. ಟ್ಯಾಂಕರಿನ ಲೆಕ್ಕ ನಾಟಿತು. "ಸಾವಿರವಾ?" ಎಂದು ಎರಡು ಸಲ ಕೇಳಿದರು. ಮರುವಾರ ಅದೇ ಹಿಟಾಚಿ ಬಂತು. ಪೈಪು ಎದ್ದಿತು. ಏರಿಯ ತುದಿಯಲ್ಲಿ, ಗುಡ್ಡದ ಗಟ್ಟಿ ನೆಲದಲ್ಲಿ, ಹತ್ತು ಅಡಿ ಅಗಲದ ಕೋಡಿ ತೆರೆಯಿತು. ತಳಕ್ಕೆ ಕಲ್ಲು ಹಾಸಿ ಎರಡೂ ಬದಿ ಇಳಿಜಾರು ಮಾಡಿದ್ದರಿಂದ ಬೇಸಿಗೆಯಲ್ಲಿ ಪಿಕಪ್ ಅದರಲ್ಲೇ ಇಳಿದು ಹತ್ತುತ್ತದೆ. "ಮಳೆಗಾಲದಲ್ಲಿ ಗಾಡಿ ಬರೋದು ಬೇಡ ಬಿಡು, ಹೊತ್ಕಂಡು ಹೋದ್ರಾಯ್ತು" ಎಂದರು.

ಕೆಳಗಿನ ಮೂರು ಮನೆಗೂ ಇಬ್ಬರೂ ಹೋದೆವು. ಅವರ ಫೋನ್ ನಂಬರ್ ಬರೆದುಕೊಂಡೆವು, ನಮ್ಮದು ಕೊಟ್ಟೆವು. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮಳೆ ಹೊಡೆಯುತ್ತಿದ್ದಾಗಲೇ ಕೋಡಿಯ ಸದ್ದು ತಗ್ಗಿದರೆ, ಮಕ್ಕಳನ್ನು ಎತ್ತಿಕೊಂಡು ಎತ್ತರದ ಜಾಗಕ್ಕೆ ಹತ್ತಿ, ಆಮೇಲೆ ಫೋನ್ ಮಾಡಿ ಎಂದು ಹೇಳಿದೆವು. ಕೊನೆಯ ಮನೆಯ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಏರಿಯ ಕಡೆ ನೋಡಿದಳು.

"ಇಷ್ಟು ವರ್ಷ ಆ ಸದ್ದಿಗೇ ಹೆದರಿ ನಿದ್ದೆಗೆಟ್ಟಿದ್ವಲ್ಲ ಅಣ್ಣಯ್ಯ" ಎಂದಳು. "ಹಂಗಾರೆ ಕೇಳದೇ ಇದ್ದಾಗ ಏಳ್ಬೇಕಿತ್ತಾ?"